ಗೆರೆಯಿಂದ ಎರಡು ಹೆಜ್ಜೆ

ಹನ್ನೊಂದನೆಯ ಸುತ್ತಿನಲ್ಲೂ ಅಣ್ಣ ಟ್ರ್ಯಾಕಿನ ಪಕ್ಕದ ಗೆರೆಯಿಂದ ಎರಡು ಹೆಜ್ಜೆ ಮುಂದೆಯೇ ನಿಂತಿದ್ದ. ಸೈಕಲ್ ಹ್ಯಾಂಡಲ್ ಮೇಲೆ ಮಲಗಿದವನಂತೆ ಬಾಗಿ ತುಳಿಯುತ್ತಿದ್ದ ತಮ್ಮನಿಗೆ ಅಷ್ಟು ಕಂಡರೆ ಸಾಕು. ಗೆರೆಯ ಮುಂದೆ ನಿಂತರೆ ದಾಖಲೆಯ ವೇಗಕ್ಕಿಂತ ಮುಂದಿದ್ದೀಯ, ಹೀಗೇ ಹೋಗು, ಕಸುವು ಸುಮ್ಮನೆ ಕಳೆಯಬೇಡ ಎಂದರ್ಥ. ಹಿಂದೆ ನಿಂತರೆ ಹಿಂದೆ ಬಿದ್ದಿದ್ದೀಯ, ಪ್ರಾಣ ಬಿಟ್ಟು ತುಳಿ ಎಂದು. ಆ ಮರದ ಹಲಗೆಯ ಟ್ರ್ಯಾಕಿನಲ್ಲಿ ಗಾಳಿ ಕಿವಿಗೆ ಹೊಡೆಯುವಾಗ ಯಾರು ಎಷ್ಟು ಕೂಗಿದರೂ ಕೇಳಿಸುವುದಿಲ್ಲ, ತಲೆ ಎತ್ತಿ ಗಡಿಯಾರ ನೋಡಿದರೆ ಅಲ್ಲಿಗೆ ಕೆಟ್ಟಿತು. ತರಬೇತಿ ಕೊಟ್ಟ ಅಣ್ಣನ ಕಾಲನ್ನೇ ನಂಬಬೇಕು.

ಟ್ರ್ಯಾಕಿನ ಆಚೆ ಬದಿಯಿಂದ ಹೊರಟ ಎದುರಾಳಿ ತೀರಾ ಹಿಂದೆ ಬಿದ್ದು, ಅವನ ಚಿಂತೆ ಆರನೇ ಸುತ್ತಿಗೇ ಮುಗಿದಿತ್ತು. ತಮ್ಮನಿಗೆ ಬೇಕಾಗಿದ್ದದ್ದು ಹದಿನಾರು ಸುತ್ತಿನ ದಾಖಲೆ. ಅದು ಹನ್ನೊಂದು ವರ್ಷದಿಂದ ಅಣ್ಣನ ಹೆಸರಿನಲ್ಲಿತ್ತು. ಇಬ್ಬರೂ ಸೇರಿ ನಡೆಸುವ ಸೈಕಲ್ ಅಂಗಡಿಯ ಬೋರ್ಡಿನಲ್ಲೂ ಅಂಗಡಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಅದನ್ನೇ ಬರೆಸಿತ್ತು. "ಮುರಿಯೋದಾದ್ರೆ ನೀನೇ ಮುರೀಬೇಕು ಮರಿ, ಹೊರಗಿನೋರಿಗೆ ಬಿಡಬಾರ್ದು" ಎಂದು ಅಣ್ಣ ಮೂರು ವರ್ಷದಿಂದ ಪಂಕ್ಚರ್ ಹಾಕುತ್ತಾ ಹೇಳಿದ್ದೇ ಹೇಳಿದ್ದು. ತಮ್ಮನಿಗೀಗ ಮೂವತ್ನಾಲ್ಕು. ಇದೇ ನಿನ್ನ ಕೊನೆಯ ಚಾಂಪಿಯನ್‌ಷಿಪ್ ಎಂದು ಕ್ಲಬ್ಬಿನವರು ಮುಖದ ಮೇಲೇ ಹೇಳಿಬಿಟ್ಟಿದ್ದರು.

ಹದಿನಾರು ಸುತ್ತು ಮುಗಿಯಿತು. ಚಿನ್ನ ಬಂತು, ದಾಖಲೆ ಬರಲಿಲ್ಲ. ಅರ್ಧ ಸೆಕೆಂಡೂ ಅಲ್ಲ, ಅಷ್ಟರಲ್ಲಿ ತಪ್ಪಿಹೋಯಿತು. ಸೈಕಲ್ಲಿನಿಂದ ಇಳಿದಾಗ ಅವನ ಕಾಲು ನಡುಗಲಿಲ್ಲ, ಅದೇ ಅವನ ಹೊಟ್ಟೆ ಉರಿಸಿತು. ಬಳಸಬೇಕಾದ ಕಸುವು ಕಾಲಲ್ಲೇ ಉಳಿದುಬಿಟ್ಟಿತ್ತು.

ಅಣ್ಣ ಬಂದು ಬೆನ್ನು ಸವರಿದ. ಎಲ್ಲಾ ಸರಿಯಾಗೇ ಇತ್ತು, ಕೊನೆಯ ಸುತ್ತಿನಲ್ಲಿ ಕುಸಿದೆ, ಹೋಗಲಿ ಬಿಡು, ಚಿನ್ನ ಏನು ಕಮ್ಮಿಯೇ ಎಂದ. ಇರಬಹುದು ಎಂದುಕೊಂಡ ತಮ್ಮ. ಅಣ್ಣ ಹೇಳಿದ ಮೇಲೆ ಮುಗಿಯಿತು. ಚಿಕ್ಕಂದಿನಿಂದ ಹಾಗೇ ಬೆಳೆದ ಪ್ರಾಣಿ ಅದು.

ಬೆವರು ಒರೆಸಿಕೊಳ್ಳಲು ಟವಲ್ ಹುಡುಕಿ ಅಣ್ಣನ ಚೀಲಕ್ಕೆ ಕೈ ಹಾಕಿದ. ಟವಲ್ಲಿನ ಜೊತೆ ಒಂದು ಹಾಳೆಯೂ ಬಂತು. ಒಂದು ಸಾಲಿನಲ್ಲಿ ದಾಖಲೆ ಮುರಿಯಲು ಪ್ರತಿ ಸುತ್ತಿಗೂ ಬೇಕಾದ ಸಮಯ, ಪಕ್ಕದಲ್ಲಿ ಅಣ್ಣ ಸ್ಟಾಪ್‌ವಾಚ್ ನೋಡಿ ಪೆನ್ಸಿಲಿನಲ್ಲಿ ಬರೆದದ್ದು. ಎಂಟನೇ ಸುತ್ತಿನ ತನಕ ತಮ್ಮ ಮುಂದಿದ್ದ. ಒಂಬತ್ತರಲ್ಲಿ ಹಿಂದೆ. ಹತ್ತು, ಹನ್ನೊಂದು, ಹನ್ನೆರಡು, ಎಲ್ಲ ಹಿಂದೆ. ಅಣ್ಣ ಒಂದು ಅಂಕಿಯನ್ನೂ ತಪ್ಪಿಲ್ಲದೆ ಬರೆದಿದ್ದ. ಬರೆದು, ಮತ್ತೆ ಹೋಗಿ ಗೆರೆಯ ಮುಂದೆ ನಿಂತಿದ್ದ.

ಹೊರಗಿನವನು ಯಾವನಾದರೂ ಕತ್ತು ಕೊಯ್ದಿದ್ದರೆ ನಾಲ್ಕು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇವನನ್ನು ಏನೆಂದು ಬೈಯುವುದು?

"ಒಂಬತ್ತರಿಂದಾನೇ ನಾನು ಹಿಂದಿದ್ನಲ್ಲಣ್ಣ," ಎಂದ, ಹಾಳೆ ಮುಂದೆ ಹಿಡಿದು.

ಟೈರಿನ ಗಾಳಿ ಬಿಡುತ್ತಾ ಕೂತಿದ್ದ ಅಣ್ಣ ಹಾಳೆಯ ಕಡೆ ನೋಡಲಿಲ್ಲ. ಗಾಳಿ ಪೂರ್ತಿ ಹೋಗುವ ತನಕ ವಾಲ್ವ್ ಒತ್ತಿಕೊಂಡೇ ಇದ್ದ. ಆಮೇಲೆ, "ನಂಗೆ ಅಂತ ಇದ್ದಿದ್ದು ಅದೊಂದೇ ಮರಿ," ಎಂದ.

"ಕೇಳಿದ್ರೆ ನಾನೇ ಬಿಟ್ಕೊಡ್ತಿದ್ದೆ."

ಮೈಕಿನಲ್ಲಿ ತಮ್ಮನನ್ನು ಕರೆಯುತ್ತಿದ್ದರು.

ಪದಕ ಕೊಟ್ಟಾದ ಮೇಲೆ ಫೋಟೋ ತೆಗೆಯುವವನು, ತರಬೇತಿ ಕೊಟ್ಟವರೂ ಬರಲಿ ಎಂದು ಹಟ ಹಿಡಿದ. ಇಬ್ಬರನ್ನೂ ಟ್ರ್ಯಾಕಿನ ಪಕ್ಕ, ಆ ಗೆರೆಯ ಹಿಂದೆಯೇ ನಿಲ್ಲಿಸಿದ. ಕ್ಯಾಮೆರಾದಲ್ಲಿ ಕಣ್ಣಿಟ್ಟು, "ಅಣ್ಣಾವ್ರು ಸ್ವಲ್ಪ ಮುಂದೆ ಬನ್ನಿ, ಮುಖಕ್ಕೆ ಬೆಳಕು ಸಾಲ್ದು" ಎಂದ.

ತಮ್ಮ ಪದಕವನ್ನು ಮುಷ್ಟಿಯಲ್ಲಿ ಹಿಡಿದು ನೇರ ನೋಡುತ್ತಿದ್ದ. ಫೋಟೋದವನು ಇನ್ನೊಮ್ಮೆ ಕರೆದ, ಕೈ ಬೀಸಿಯೂ ಕರೆದ. ಪಕ್ಕದಲ್ಲಿ ಅಣ್ಣನ ಹೆಜ್ಜೆಯ ಸದ್ದು ಕೇಳಲಿಲ್ಲ.