ಹೊಲಿಗೆ ಹೊರಗಿರುವ ಅಂಗಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕುವವರು ಇನ್ನೂ ಹುಟ್ಟಿಲ್ಲ. ನಲವತ್ತು ವರ್ಷ ದರ್ಜಿ ಕೆಲಸ ಮಾಡಿದವಳು ನಾನು. ನನ್ನ ಅಂಗಡಿಯಿಂದ ಹೋದ ಒಂದೇ ಒಂದು ಬಟ್ಟೆಯಲ್ಲಿ ಹೊಲಿಗೆಯ ಅಂಚು ಹೊರಗೆ ಇಣುಕಿದ್ದಿಲ್ಲ. ಆಮೇಲೆ ಜನ ರೆಡಿಮೇಡಿಗೆ ಮರುಳಾದರು, ನನಗೆ ಮಂಡಿನೋವು ಶುರುವಾಯಿತು. ಅಂಗಡಿ ಮುಚ್ಚಿ ಮಷಿನ್ನನ್ನು ಮನೆಯ ಮೂಲೆಗೆ ತಂದಿಟ್ಟೆ. ಸ್ವಂತ ಸೊಸೆಯೇ ನನ್ನ ಕೈಯಲ್ಲಿ ಒಂದು ಅಂಗಿ ಹೊಲಿಸಿಕೊಂಡವಳಲ್ಲ. ಇರಲಿ ಬಿಡಿ.

ಈ ಸೊಸೆಗೆ ಪ್ರಾಣಿಗಳ ಹುಚ್ಚು. ರಜೆ ಬಂತೆಂದರೆ ಸಾಕು, ಪ್ರಾಣಿ ರಕ್ಷಣಾ ಕೇಂದ್ರಕ್ಕೆ ಓಟ. ಸಂಜೆ ಮೈತುಂಬ ನಾಯಿ ಕೂದಲು ಅಂಟಿಸಿಕೊಂಡು ಬರುತ್ತಿದ್ದಳು, ನಾನು ಬಾಗಿಲಲ್ಲೇ ನಿಲ್ಲಿಸಿ ಗದರುತ್ತಿದ್ದೆ. ಒಂದು ಭಾನುವಾರ ಅವಳೂ ತಿರುಗಿಬಿದ್ದಳು.

"ಮನೇಲಿ ಕೂತು ಗೊಣಗೋ ಬದಲು ಒಂದ್ಸಲ ಬಂದು ನೋಡಿ ಅತ್ತೆ. ಅಲ್ಲಿ ಯಾರು ಬಂದ್ರೂ ಮಾಡೋಕೆ ಕೆಲಸ ಇದೆ."

"ನಡಿ, ಅದನ್ನೂ ನೋಡೇಬಿಡ್ತೀನಿ," ಎಂದೆ. ಬರಿಗೈಯಲ್ಲಿ ಹೋಗುವ ಜಾಯಮಾನ ನನ್ನದಲ್ಲ. ಹಳೆಯ ಹೊದಿಕೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೊರಟೆ.

ಕೆಲಸವೇನೋ ಬೇಕಾದಷ್ಟಿತ್ತು, ನನಗೆ ಒಗ್ಗುವಂಥದ್ದು ಇರಲಿಲ್ಲ. ನಾಯಿಗಳನ್ನು ಅಡ್ಡಾಡಿಸಲು ಮಂಡಿ ಕೇಳಲಿಲ್ಲ. ಸ್ನಾನ ಮಾಡಿಸಲು ಸೊಂಟ ಬಗ್ಗಲಿಲ್ಲ. ಬೆಕ್ಕಿನ ಮರಿಗೆ ಹಾಲು ಕುಡಿಸಲು ಹೋದರೆ ಆ ಅಂಗೈಯಷ್ಟಗಲದ ಪ್ರಾಣಿ ನನ್ನನ್ನೇ ಪರಚಿತು. ಕೊನೆಗೆ ಗೂಡುಗಳಿಗೆ ಹಾಸುವ ಹಳೆ ಪತ್ರಿಕೆ ಮಡಿಸಲು ಕೂರಿಸಿದರು. ಕತ್ತರಿ ಹಿಡಿದ ಕೈಗೆ ಪತ್ರಿಕೆ ಮಡಿಸುವ ಕೆಲಸ! ಮುಖ ಊದಿಸಿಕೊಂಡು ಮಡಿಸಿದೆ.

ಎದುರು ಗೂಡಿನಲ್ಲಿ ಒಂದು ಕಂದು ನಾಯಿ ಗೋಡೆಗೆ ಮುಖ ಮಾಡಿ ಮಲಗಿತ್ತು. ಮೊದಮೊದಲು ಬಂದವರನ್ನೆಲ್ಲ ಶಿಕ್ಷೆ ವಿಧಿಸುವವರ ಹಾಗೆ ದಿಟ್ಟಿಸುತ್ತಿತ್ತೆಂದು ಅದಕ್ಕೆ ಜಡ್ಜ್ ಎಂದು ಹೆಸರಿಟ್ಟಿದ್ದರು. ಗಾಡಿ ಬಡಿದು ಪಕ್ಕೆಯಿಂದ ಹೊಟ್ಟೆಯವರೆಗೆ ಸೀಳಿಹೋಗಿತ್ತಂತೆ. ಮೊದಲ ಸಲ ಹಾಕಿದ ಹೊಲಿಗೆಯನ್ನು ಹಲ್ಲಿನಿಂದ ಕಿತ್ತುಹಾಕಿತ್ತು, ಎರಡನೆಯ ಸಲ ಹಾಕಿದ್ದರು. ಈಗ ಕುತ್ತಿಗೆಗೆ ಬಕೆಟ್ಟಿನಂಥ ಪ್ಲಾಸ್ಟಿಕ್ ಕಟ್ಟಿದ್ದರು. ಅದನ್ನು ಕಟ್ಟಿದಾಗಿನಿಂದ ಊಟ ಮುಟ್ಟಿರಲಿಲ್ಲ.

"ಕಟ್ಟಿದ್ರೆ ತಿನ್ನಲ್ಲ, ಬಿಚ್ಚಿದ್ರೆ ಗಾಯ ಕೀಳುತ್ತೆ," ಎಂದರು ಕೇಂದ್ರದ ಡಾಕ್ಟರಮ್ಮ. "ಈ ಸಲ ಬಿಟ್ಟುಹೋದ್ರೆ ಮತ್ತೆ ಹೊಲಿಯೋಕೆ ಅಲ್ಲಿ ಚರ್ಮಾನೇ ಉಳಿದಿಲ್ಲ. ಆಮೇಲೆ ನಾನು ಏನೂ ಮಾಡೋಕಾಗಲ್ಲ."

ಪತ್ರಿಕೆಗಳನ್ನು ಅತ್ತ ತಳ್ಳಿ ಎದ್ದೆ.

"ಗಾಯ ಮುಚ್ಚೋ ಹಾಗೆ ಮೈಗೊಂದು ಅಂಗಿ ಹಾಕಿದ್ರೆ?"

"ಮೈಗೆ ಸರಿಯಾಗಿ ಕೂರೋ ಅಂಗಿ ಯಾರು ಹೊಲೀತಾರೆ ಅಮ್ಮ?"

ಯಾರು ಹೊಲಿಯುತ್ತಾರಂತೆ! ಚೀಲದಿಂದ ಟೇಪು ತೆಗೆದೆ. ಅದಿಲ್ಲದೆ ನಾನು ಮನೆಯಿಂದ ಹೊರಡುವುದಿಲ್ಲ. ಸೊಸೆ ಜಡ್ಜ್‌ನ ತಲೆ ಹಿಡಿದುಕೊಂಡಳು. ಎದೆ, ಸೊಂಟ, ಕತ್ತಿನಿಂದ ಬಾಲದ ಬುಡದವರೆಗೆ ಅಳೆದೆ. ಅವನು ಗುರ್ ಎಂದ. "ಸುಮ್ನೆ ನಿಂತ್ಕೊಳೋ," ಎಂದು ನಾನೂ ಗದರಿದೆ. ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳದ ಗಿರಾಕಿಯನ್ನು ನಾನು ನೋಡಿದ್ದು ಅವತ್ತೇ.

ಮನೆಗೆ ಬಂದವಳೇ ಮಷಿನ್ನಿನ ಧೂಳು ಒರೆಸಿ, ಎಣ್ಣೆ ಬಿಟ್ಟೆ. ಹಳೆಯ ಬನಿಯನ್ ಬಟ್ಟೆ, ನಾಲ್ಕು ಕಾಲಿಗೆ ನಾಲ್ಕು ತೂತು, ಬೆನ್ನಿನ ಮೇಲೆ ಕಟ್ಟಲು ಲಾಡಿ. ಅಂಚನ್ನೆಲ್ಲ ಒಳಗೆ ಮಡಿಸಿ ಎರಡೆರಡು ಸಲ ಹೊಲಿದೆ. ಮರುದಿನ ಸೊಸೆಗೂ ರಜೆ ಹಾಕಿಸಿ ಕರೆದೊಯ್ದು, ಬೆಳಿಗ್ಗೆಯೇ ತೊಡಿಸಿ, ಪ್ಲಾಸ್ಟಿಕ್ ಬಿಚ್ಚಿಸಿದೆ. ಮೈಗೆ ಅಚ್ಚು ಹಾಕಿದ ಹಾಗೆ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಸೆಯನ್ನು ಅಲ್ಲೇ ಬಿಟ್ಟು ಜಂಭದಿಂದ ಮನೆಗೆ ಬಂದೆ.

ಮಧ್ಯಾಹ್ನ ಸೊಸೆಯ ಫೋನು. "ಅತ್ತೆ, ಅವನು ಗೋಡೆಗೆ ಮೈ ಉಜ್ತಾನೇ ಇದಾನೆ. ಗಾಯದ ಎರಡು ಹೊಲಿಗೆ ಬಿಟ್ಟುಹೋಗಿದೆ."

ಮಂಡಿ ಇದೆಯೆಂಬುದನ್ನೇ ಮರೆತು ಓಡಿದೆ. ಅಂಗಿ ಬಿಚ್ಚಿ ನೋಡಿದರೆ, ಗಾಯದ ಉದ್ದಕ್ಕೂ ಕೆಂಪಗೆ ಒಂದು ಗೆರೆ. ಯಾರಿಗೂ ಕಾಣಬಾರದೆಂದು ನಾನು ಒಳಗೆ ಅಡಗಿಸಿದ್ದ ದಪ್ಪ ಅಂಚು ನೇರವಾಗಿ ಅವನ ಗಾಯದ ಮೇಲೆಯೇ ಕೂತಿತ್ತು. ಹೊಲಿಗೆ ಬಾರದವರು ಹೊಲಿದಿದ್ದರೆ ಇಷ್ಟು ಕಟ್ಟುನಿಟ್ಟಾಗಿ ಅಡಗಿಸುತ್ತಿರಲಿಲ್ಲ. ನನ್ನ ಜಂಭವೇ ಆ ಮೂಕಪ್ರಾಣಿಯನ್ನು ಚುಚ್ಚಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಡಾಕ್ಟರಮ್ಮ ಪ್ಲಾಸ್ಟಿಕ್ ಕೈಗೆತ್ತಿಕೊಂಡರು. "ಮಿಕ್ಕ ಹೊಲಿಗೆ ಗಟ್ಟಿಯಾಗಿದೆ. ಇದನ್ನೇ ಕಟ್ಟಿಬಿಡೋಣ."

"ಅರ್ಧ ಗಂಟೆ ಕೊಡಿ," ಎಂದೆ. "ತಪ್ಪು ನನ್ನದು. ತಿದ್ದೋಳೂ ನಾನೇ."

ಆ ಅಂಗಿಯನ್ನು ಉಲ್ಟಾ ಮಾಡಬೇಕಿತ್ತು, ಅಷ್ಟೇ. ನಿಜ ಹೇಳುತ್ತೇನೆ, ಕೈ ಬರಲಿಲ್ಲ. ಅಂಚುಗಳೆಲ್ಲ ಹೊರಗೆ ಬಾಯಿಬಿಟ್ಟುಕೊಂಡಿರುವ ಬಟ್ಟೆಯನ್ನು, ಅದೂ ನನ್ನ ಕೈಯಾರೆ ಹೊಲಿದದ್ದನ್ನು, ನಾಲ್ಕು ಜನರ ಮುಂದೆ ತೊಡಿಸುವುದೆ? ಜಡ್ಜ್ ನನ್ನನ್ನೇ ದಿಟ್ಟಿಸುತ್ತಿದ್ದ. ಪಟಕ್ಕನೆ ತಿರುಗಿಸಿದೆ. ಲಾಡಿಗಳನ್ನು ಬಿಚ್ಚಿ ಕೈಸೂಜಿಯಲ್ಲೇ ಹೊರಮೈಗೆ ಹೊಲಿದು, ತೊಡಿಸಿದೆ.

ಅವನು ಎರಡು ಸುತ್ತು ಹಾಕಿದ. ಬಟ್ಟೆ ಮೂಸಿದ, ನೆಕ್ಕಿದ. ಆಮೇಲೆ ಗೋಡೆಗೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ಕೂತು, ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

ಇನ್ನೊಂದು ಅಂಗಿಯನ್ನೂ ಹಾಗೇ ಹೊಲಿದೆ. ಒಂದು ಒಗೆತಕ್ಕೆ, ಒಂದು ಮೈಗೆ. ದಿನಾ ಹೋಗಿ ನಾನೇ ಬದಲಾಯಿಸುತ್ತಿದ್ದೆ. ಹನ್ನೊಂದನೆಯ ದಿನ ಡಾಕ್ಟರಮ್ಮ ಹೊಲಿಗೆ ಬಿಚ್ಚಿದರು. ಗಾಯದ ಜಾಗದಲ್ಲಿ ತೆಳ್ಳಗೆ ಒಂದು ಗೆರೆ ಮಾತ್ರ ಉಳಿದಿತ್ತು.

"ಹೊಲಿಗೆ ನೀಟಾಗಿದೆ ಡಾಕ್ಟರಮ್ಮ," ಎಂದೆ.

"ನಿಮ್ದೂ," ಎಂದರು. ನಾನು ಅಷ್ಟೆತ್ತರ ಬೆಳೆದೆ.

ಈಗ ಆ ಕೇಂದ್ರದಲ್ಲಿ ಒಂದು ಕಪಾಟು ತುಂಬ ನನ್ನ ಅಂಗಿಗಳೇ. ಬೆಕ್ಕಿನದು, ಮರಿಯದು, ಮೂರು ಕಾಲಿನದು, ಎಲ್ಲ ಅಳತೆಯವೂ ಇವೆ. ಕಳೆದ ತಿಂಗಳು ಜಡ್ಜ್‌ನನ್ನು ಮನೆಗೆ ಕರೆದೊಯ್ಯಲು ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಕಪಾಟು ನೋಡಿ ನಕ್ಕರು.

"ಯಾರೋ ಎಲ್ಲಾನೂ ಉಲ್ಟಾ ಹೊಲಿದುಬಿಟ್ಟಿದಾರಲ್ಲ!"

ನಾನು ಬಾಯಿ ತೆರೆಯುವಷ್ಟರಲ್ಲಿ ಸೊಸೆ ಮುಂದೆ ಬಂದಳು. "ಉಲ್ಟಾ ಅಲ್ಲ ಸಾರ್, ಅದೇ ಸರಿ. ಗಾಯದ ಕಡೆ ನುಣುಪು ಇರ್ಬೇಕು. ನಮ್ಮತ್ತೆ ಹೊಲಿದಿದ್ದು." ಆ 'ನಮ್ಮತ್ತೆ' ಇಡೀ ಕೇಂದ್ರಕ್ಕೆ ಕೇಳಿಸುವ ಹಾಗಿತ್ತು. ನಾನು ಕಪಾಟಿನ ಅಂಗಿಗಳನ್ನು ತೆಗೆದು ಮತ್ತೊಮ್ಮೆ ನೀಟಾಗಿ ಮಡಿಸಿಟ್ಟೆ.

ಅವತ್ತು ಸಂಜೆ ಅವಳು ನೀಲಿ ಬಟ್ಟೆಯೊಂದನ್ನು ತಂದು ಮಷಿನ್ನಿನ ಮೇಲಿಟ್ಟಳು. "ನಂಗೂ ಒಂದು ಅಂಗಿ ಹೊಲ್ಕೊಡ್ತೀರಾ ಅತ್ತೆ?"

ಟೇಪು ತೆಗೆದು ಅವಳ ಸೊಂಟದ ಸುತ್ತ ಹಿಡಿದೆ.

"ಹೊಟ್ಟೆ ಒಳಗೆ ಎಳ್ಕೋಬೇಡ ಕಣೇ," ಎಂದೆ. "ನಮ್ಮ ಜಡ್ಜ್ ಸಾಹೇಬರನ್ನ ನೋಡಿ ಕಲಿ."