ಚೆನ್ನಾಗಿದೀನಿ ಸಾರ್

"ಕೈ ಇದೆ, ಕಾಲಿದೆ, ಬಾಯಂತೂ ಇದ್ದೇ ಇದೆ. ನಿನಗೇನಯ್ಯಾ ಇಲ್ಲ, ನಾಚಿಕೆ ಒಂದು ಬಿಟ್ರೆ?"

ಕಾರಿಡಾರಿನಲ್ಲಿ ಕೂತವರಿಗೆಲ್ಲ ಕೇಳಿಸುವ ಹಾಗೆಯೇ ಜವಾನ ಕೇಳಿದ. ನಾನು ಗೋಡೆಗೆ ಬೆನ್ನು ಒತ್ತಿ ನಿಂತಿದ್ದೆ. ಏದುಸಿರು ಇನ್ನೂ ಇಳಿದಿರಲಿಲ್ಲ. ಅಕ್ಕನೂ ನಾನೂ ಮೂರು ಮಹಡಿಯನ್ನು ಮೆಟ್ಟಿಲು ಹತ್ತಿಯೇ ಬಂದಿದ್ದೆವು. ಲಿಫ್ಟ್ ಇತ್ತು. ಅದರ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವುದನ್ನು ಕಂಡಿದ್ದೇ ತಡ, ನಾನು ಮೆಟ್ಟಿಲ ಕಡೆ ಓಡಿದ್ದೆ.

"ನಿನ್ ಹೊಟ್ಟೆ ಒಂಚೂರು ಒಳಗೆಳ್ಕೊಳಪ್ಪಾ, ಜನ ಓಡಾಡ್ಬೇಕು," ಎಂದಳು ಅಕ್ಕ ಜವಾನನಿಗೆ. ಆಮೇಲೆ ನನ್ನ ಕಿವಿಯಲ್ಲಿ, "ಮೇಲ್ಮನವಿ ಅಂದ್ರೆ ಮೇಲಿನೋರಿಗೆ ಮನವಿ ಕಣೋ. ಅದಕ್ಕೇ ಮೂರನೇ ಮಹಡೀಲಿ ಇಟ್ಟಿದಾರೆ."

ನನ್ನನ್ನು ನಗಿಸಲು ಅಂದದ್ದು. ನನ್ನ ಹಲ್ಲು ಕಟಕಟ ಅಂದವು. ಅದನ್ನೇ ನಗು ಎಂದು ಲೆಕ್ಕಕ್ಕೆ ಹಿಡಿದಳು.

ನಾವಿಬ್ಬರೂ ಹೋಟೆಲು, ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯವರು. ಅಕ್ಕ ಹೊರಗಿನ ಹಾಲ್‌ನಲ್ಲಿ ಹಾಸಿಗೆಯ ಬಟ್ಟೆ ಮಡಿಸುತ್ತಾಳೆ. ನಾನು ಬಾಯ್ಲರ್ ಕೋಣೆಯಲ್ಲಿದ್ದೆ. ನಡುವೆ ಗಾಳಿಗೆಂದು ಎದ್ದು ಹೋದಾರೆಂದು ಮೇಸ್ತ್ರಿ ಅದರ ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕುತ್ತಿದ್ದ. ಹಬೆಯ ಪೈಪು ಒಡೆದ ದಿನವೂ ಹಾಕಿದ್ದ. ನನ್ನ ಎಡಗೈಯ ಎರಡು ಬೆರಳು ಬೆಂದು ಒಂದಾದವು. ಜೊತೆಗಿದ್ದ ಮುದುಕ ಬಾಗಿಲು ಬಡಿಯುತ್ತ ಬಡಿಯುತ್ತಲೇ ಸತ್ತ. ಬೆರಳು ಮಾಯಿತು. ಬಡಿತ ನಿಲ್ಲಲಿಲ್ಲ. ಒಲೆಯ ಮೇಲೆ ಪಾತ್ರೆ ಸುಯ್ಯೆಂದರೂ ಬೀದಿಗೆ ಓಡುತ್ತೇನೆ. ಕಕ್ಕಸಿಗೆ ಹೋದರೆ ಬಾಗಿಲು ತೆರೆದಿರಬೇಕು, ಹೊರಗೆ ಅಕ್ಕ ಏನಾದರೂ ಮಾತಾಡುತ್ತಲೇ ಇರಬೇಕು.

ಅಂಗವಿಕಲರ ಭತ್ಯೆಗೆಂದು ನಡೆದ ಮೊದಲ ತಪಾಸಣೆಯಲ್ಲಿ ಡಾಕ್ಟರು ಬೆರಳುಗಳನ್ನು ಎಳೆದು ನೋಡಿ, "ಹೇಗಿದೀಯಪ್ಪಾ?" ಎಂದಿದ್ದರು.

"ಚೆನ್ನಾಗಿದೀನಿ ಸಾರ್!"

ನಾನು ಹೇಳಲಿಲ್ಲ, ನನ್ನ ಬಾಯಿ ಹೇಳಿತು. ದಿನಾ ಬೆಳಿಗ್ಗೆ ಗೇಟಿನಲ್ಲಿ ಮೇಸ್ತ್ರಿ ಒಬ್ಬೊಬ್ಬರಿಗೂ ಅದನ್ನೇ ಕೇಳುತ್ತಿದ್ದ. ಜ್ವರ ಅಂದವನಿಗೆ, ಸೊಂಟ ಹಿಡಿದಿದೆ ಅಂದವನಿಗೆ ಅವತ್ತು ಕೆಲಸವಿಲ್ಲ. ಮೈ ಕೆಂಡವಾಗಿದ್ದರೂ ಎದೆ ಉಬ್ಬಿಸಿ, ಅಷ್ಟೂ ಹಲ್ಲು ತೋರಿಸಿ, ಚೆನ್ನಾಗಿದ್ದೇನೆ ಅನ್ನಬೇಕು. ಡಾಕ್ಟರು ಬರೆದುಕೊಂಡರು: ಹಸನ್ಮುಖಿ. ಮನಸ್ಸಿನ ಡಾಕ್ಟರು ಕೊಟ್ಟಿದ್ದ ಪತ್ರದ ಮೇಲೆ ಚಹಾದ ಲೋಟ ಇಟ್ಟುಕೊಂಡರು. ಅಂಗವಿಕಲರ ಭತ್ಯೆ ಇಲ್ಲ, ಕೆಲಸಕ್ಕೆ ಯೋಗ್ಯ ಎಂದು ತೀರ್ಮಾನ ಬಂತು. ಇವತ್ತಿನ ಮೇಲ್ಮನವಿಯೂ ಬಿದ್ದುಹೋದರೆ ಸೋಮವಾರದಿಂದ ಮತ್ತೆ ಆ ಅಗಳಿಯ ಹಿಂದೆ ನಾನು.

ಒಳಗೆ ಕರೆದರು. ಉದ್ದನೆಯ ಮೇಜಿನಾಚೆ ಸಮಿತಿಯ ಅಧ್ಯಕ್ಷರು, ಪಕ್ಕದಲ್ಲಿ ಅದೇ ಡಾಕ್ಟರು. ಗೋಡೆಯ ಮೇಲಿನ ಎಸಿ ಸುಯ್ಯನೆ ಉಸಿರುಬಿಡುತ್ತಿತ್ತು. ನಮ್ಮ ಹಿಂದೆ ಜವಾನ ಬಾಗಿಲು ಮುಚ್ಚಿದ.

"ಬಾಗ್ಲು ತೆಗೆದಿರ್ಲಿ ಸಾರ್," ಎಂದಳು ಅಕ್ಕ.

"ತಂಪೆಲ್ಲ ಹೋಗುತ್ತಮ್ಮಾ," ಎಂದರು ಅಧ್ಯಕ್ಷರು.

"ಮೂರು ಮಹಡಿ ನಡ್ಕೊಂಡೇ ಬಂದಿದಾನೆ ಸಾರ್," ಎಂದ ಜವಾನ, ಕೇಳದೆಯೇ. "ನನ್ ಕೈಲೂ ಆಗಲ್ಲ."

ಡಾಕ್ಟರು ಹುಬ್ಬೇರಿಸಿ ಅದನ್ನೂ ಬರೆದುಕೊಂಡರು.

"ಅಯ್ಯೋ, ಲಿಫ್ಟಿಗೆ ಹೆದ್ರಿ ಹಂಗೆ ಬಂದಿದ್ದು ಸಾರ್! ಬಾಗ್ಲು ಮುಚ್ಚಿದ್ರೆ ಇವ್ನಿಗೆ..."

"ಹೆದರಿಕೆ ಯಾರಿಗಿಲ್ಲಮ್ಮಾ? ನನಗೂ ನಮ್ಮನೆಯೋರು ಅಂದ್ರೆ ಹೆದರಿಕೆ. ಕೊಡ್ತಾರಾ ಭತ್ಯೆ?" ಅಧ್ಯಕ್ಷರು ಅಂದದ್ದಕ್ಕೆ ಡಾಕ್ಟರು ಕಿಸಕ್ಕೆಂದರು. ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೀನೇ ಹೇಳಪ್ಪಾ. ಹೇಗಿದೀಯಾ?"

ನನಗೆ ಭಯ ಆಗುತ್ತೆ. ಇಷ್ಟೇ ಹೇಳಬೇಕಾಗಿತ್ತು. ವಾರದಿಂದ ಅಕ್ಕ ಮಗುವಿಗೆ ಪಾಠ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ದಳು. ದವಡೆಯನ್ನು ಬಿಗಿಯಾಗಿ ಕಚ್ಚಿ ಹಿಡಿದೆ. ಎದೆ ತಾನೇ ಉಬ್ಬಿತು.

"ಚೆನ್ನಾಗಿದೀನಿ ಸಾರ್!"

"ಮುಗೀತಲ್ಲ," ಎಂದು ಅಧ್ಯಕ್ಷರು ಫೈಲು ಮಡಚಿದರು.

ಅಕ್ಕ ನನ್ನನ್ನೇ ನೋಡಿದಳು. "ಬೇಜಾರು ಮಾಡ್ಕೋಬೇಡ ಮರೀ," ಎಂದಳು.

ಯಾರ ದನಿಯನ್ನಾದರೂ ಇದ್ದ ಹಾಗೆಯೇ ಅಣಕಿಸಿ ತೆಗೆಯುವುದು ಅಕ್ಕನಿಗೆ ಬರುತ್ತದೆ. ಊಟದ ಹೊತ್ತಿನಲ್ಲಿ ಮೇಸ್ತ್ರಿಯ ದನಿ ತೆಗೆದಳೆಂದರೆ ಇಡೀ ಹಾಲ್‌ನವರು ಬಿದ್ದೂ ಬಿದ್ದೂ ನಗುತ್ತಿದ್ದರು. ಪೈಪು ಒಡೆದ ಮೇಲೆ ಒಮ್ಮೆಯೂ ತೆಗೆದಿರಲಿಲ್ಲ. ಈಗ ಗಂಟಲು ಕ್ಯಾಕರಿಸಿ, ಮೂಗಿನಲ್ಲಿ ಕೂಗಿದಳು:

"ಲೇ ಸೀಟಿ! ಏನ್ ಮುಖ ನೋಡ್ತೀಯೋ ಬೋಳಿಮಗ್ನೆ? ಒಳಗೆ ನಡಿ. ಅಗಳಿ ಹಾಕ್ತೀನಿ."

ಸೀಟಿ ಎಂದರೆ ನಾನೇ. ಒಂದು ಕಾಲಕ್ಕೆ ಶಿಳ್ಳೆ ಹಾಕುತ್ತಲೇ ಕೆಲಸ ಮಾಡುತ್ತಿದ್ದೆ. ಇದು ಮೇಸ್ತ್ರಿಯಲ್ಲ, ಅಕ್ಕ ಎಂದು ನನಗೆ ಗೊತ್ತಿತ್ತು. ಅವಳ ತುಟಿ ಅಲುಗುವುದೂ ಕಾಣುತ್ತಿತ್ತು. ಗೊತ್ತಿದ್ದರೇನು? ಎಸಿಯ ಸುಯ್ ಕೋಣೆ ತುಂಬ ಬೆಳ್ಳಗೆ ಹಬ್ಬಿತು. ಎಲ್ಲೋ ಮುದುಕ ಬಾಗಿಲು ಬಡಿಯತೊಡಗಿದ. ಕಣ್ಣು ಬಿಟ್ಟಾಗ ನಾನು ಮೇಜಿನ ಕೆಳಗೆ, ಅದರ ಕಾಲು ತಬ್ಬಿಕೊಂಡು ಕೂತಿದ್ದೆ. ತೊಡೆ ಬೆಚ್ಚಗೆ ಒದ್ದೆಯಾಗಿತ್ತು. "ಚೆನ್ನಾಗಿದೀನಿ ಸಾರ್, ಚೆನ್ನಾಗಿದೀನಿ ಸಾರ್..." ಬಾಯಿ ಮಾತ್ರ ತನ್ನ ಡ್ಯೂಟಿ ಬಿಟ್ಟಿರಲಿಲ್ಲ.

"ಏನಮ್ಮಾ ಇದು, ನಾಟಕದ ಕಂಪ್ನಿನಾ?" ಮೇಲಿನಿಂದ ಅಧ್ಯಕ್ಷರ ದನಿ.

"ಮನೇಲೇ ಪ್ರಾಕ್ಟೀಸ್ ಮಾಡ್ಸಿ ಕರ್ಕೊಂಡ್ ಬಂದಿದಾಳೆ ಸಾರ್," ಎಂದರು ಡಾಕ್ಟರು.

"ಪ್ಯಾಂಟು ಮುಟ್ಟಿ ನೋಡಿ ಡಾಕ್ಟ್ರೇ. ಅದೂ ಪ್ರಾಕ್ಟೀಸಾ?" ಎಂದಳು ಅಕ್ಕ.

ಯಾರೂ ಬಗ್ಗಲಿಲ್ಲ. ನನ್ನ ಮುಂದಿದ್ದ ಕರಿ ಬೂಟುಗಳೆರಡು, ಒದ್ದೆ ತಮ್ಮ ಕಡೆ ಹರಿಯುವುದನ್ನು ಕಂಡು ಕುರ್ಚಿಯಡಿಗೆ ಸರಿದುಕೊಂಡವು.

"ತೀರ್ಮಾನ ಬದಲಾಗಲ್ಲ," ಎಂದರು ಅಧ್ಯಕ್ಷರು. "ಎಬ್ಬಿಸಯ್ಯಾ ಇವನನ್ನ. ಮುಂದಿನವರನ್ನ ಕರಿ."

ಜವಾನ ಬಗ್ಗಿ ನನ್ನ ಭುಜ ಹಿಡಿದ. ನಾನು ಕಿರುಚಿದೆ. ಅದು ನನ್ನ ದನಿ ಎಂದು ನನಗೇ ಗೊತ್ತಾಗಲಿಲ್ಲ. ಅವನು ಕೈ ಸುಟ್ಟವನಂತೆ ಬಿಟ್ಟು ಹಿಂದೆ ಸರಿದ. "ನನ್ ಕೈಲಾಗಲ್ಲ ಸಾರ್," ಎಂದ, ಮೆಲ್ಲಗೆ.

ಆಗ ಅಕ್ಕ ಮೊಣಕಾಲೂರಿ ಮೇಜಿನ ಕೆಳಕ್ಕೆ ತೂರಿ ಬಂದಳು. ಒದ್ದೆಯಲ್ಲೇ ಕೂತಳು. ಎರಡೂ ತೋಳಿನಿಂದ ನನ್ನನ್ನು ಬಳಸಿ ಹಿಡಿದಳು. ಅವಳ ಮೈಯೂ ನಡುಗುತ್ತಿತ್ತು.

"ಕರೀರಿ ಸ್ವಾಮಿ ಮುಂದಿನೋರ್ನ," ಎಂದಳು. "ನಾವ್ ಇಲ್ಲೇ ಇರ್ತೀವಿ."

"ಪೊಲೀಸ್ರನ್ನ ಕರೆಸ್ತೀನಿ!"

"ಕರೆಸಿ. ಬಾಗ್ಲು ತೆಗ್ಯೋಕಾದ್ರೂ ಯಾರಾದ್ರೂ ಬರ್ಲಿ."

ಮೇಲೆ ಕಾಗದ ಸರಿದ ಸದ್ದಾಯಿತು. ಡಾಕ್ಟರು ಬರೆಯಲು ಹೊರಟಿರಬೇಕು. ಆದರೆ ನಾನು ತಬ್ಬಿದ್ದ ಕಾಲಿನಿಂದ ನಮ್ಮಿಬ್ಬರ ನಡುಕ ಹತ್ತಿ ಇಡೀ ಮೇಜು ಗಡಗಡ ಅನ್ನುತ್ತಿತ್ತು. ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು.

"ಬರಿಯೋಕೇ ಆಗ್ತಿಲ್ಲ ಸಾರ್..."

ಪೆನ್ನು ಉರುಳಿ ನಮ್ಮೆದುರಿಗೆ ಬಿತ್ತು. ಉಂಗುರ ತೊಟ್ಟ ಕೈಯೊಂದು ಮೇಲಿನಿಂದ ಇಳಿದು, ಒದ್ದೆ ತಾಗದಂತೆ ಬೆರಳ ತುದಿಯಲ್ಲಿ ನೆಲ ತಡವತೊಡಗಿತು.

ಅಕ್ಕ ಪೆನ್ನಿನ ಮೇಲೆ ಕಾಲಿಟ್ಟಳು.