ಒಂದೇ ಕಂಪನಿಯವನ ಬಂಧುಬಳಗ

ಟೈ ಗಂಟು ಮೂರನೇ ಸಲವೂ ಸೊಟ್ಟಗಾಯಿತು. ಹೆಂಡತಿ ಅದನ್ನು ಬಿಚ್ಚಿ, ಶವಪೆಟ್ಟಿಗೆಯೊಳಗೆ ಬಗ್ಗಿ, ಗಂಡನ ಕಾಲರಿನ ಹಿಂದೆ ಕೈ ಹಾಕಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಆತ ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸ ಅದು. ಆಕೆ ದಿನಾ ನೋಡಿದ್ದಳು, ಒಂದು ದಿನವೂ ಗಮನಿಸಿರಲಿಲ್ಲ.

“ಬಿಡಮ್ಮ, ಟೈ ಇಲ್ದೇನೂ ಚೆನ್ನಾಗೇ ಕಾಣ್ತಾರೆ,” ಎಂದಳು ಮಗಳು.

“ಮ್ಯಾನೇಜರ್ ಬರ್ತಾರಲ್ಲೇ. ಕಂಪನಿ ಟೈ ಇಲ್ದೆ ನೋಡಿದ್ರೆ ಏನಂದ್ಕೋತಾರೆ?”

“ಅಪ್ಪ ಇವತ್ತೂ ಡ್ಯೂಟಿ ಮೇಲಿದಾರಾ?”

“ಸುಮ್ನಿರು. ಆ ಕಾಗದಕ್ಕೆ ಒಂದು ಸಹಿ ಬೀಳ್ಲಿ. ಆಮೇಲೆ ನೀನು ಏನು ಬೇಕಾದ್ರೂ ಅನ್ನು.”

ಆ ಕಾಗದದ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆತ ವಿಮಾ ಏಜೆಂಟ್, ಅದರಲ್ಲೂ ಒಂದೇ ಕಂಪನಿಯ ಏಜೆಂಟ್. ಆ ಕಂಪನಿಯ ಪಾಲಿಸಿ ಬಿಟ್ಟು ಇನ್ನೊಂದನ್ನು ಮಾರುವಂತಿರಲಿಲ್ಲ. ಬೇರೆಯದನ್ನು ಮಾರುವವರ ಹತ್ತಿರ ಗಿರಾಕಿಯನ್ನು ಕಳಿಸುವಂತೆಯೂ ಇರಲಿಲ್ಲ. ಈ ಕಟ್ಟುಪಾಡನ್ನು ಕೊನೆತನಕ ಪಾಲಿಸಿದ ಏಜೆಂಟ್ ತೀರಿಕೊಂಡರೆ ಅವನ ಕಮಿಷನ್ನಿನಲ್ಲಿ ಅರ್ಧ ಹೆಂಡತಿಗೆ, ಅವಳು ಇರುವಷ್ಟು ಕಾಲ ಬರುತ್ತದೆ. ಮುರಿದಿದ್ದ ಎಂದು ಗೊತ್ತಾದರೆ ಅಂದಿಗೇ ಎಲ್ಲ ಮುಗಿಯಿತು. ಮುರಿದಿಲ್ಲ ಎಂದು ಬ್ರಾಂಚ್ ಮ್ಯಾನೇಜರ್ ಬರೆದುಕೊಡಬೇಕು. ಆಕೆಗೆ ಬೇರೆ ವರಮಾನ ಇರಲಿಲ್ಲ. ಆದರೂ ಹೆದರಿಕೆ ಏನೂ ಇರಲಿಲ್ಲ. ತನ್ನ ಗಂಡನಂಥ ನಿಯಮದ ಮನುಷ್ಯನನ್ನು ಕಂಪನಿ ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲ ಎಂದು ಆಕೆ ಎಷ್ಟೋ ಸಲ, ಮೆಚ್ಚಿಯೂ ಬೇಸತ್ತೂ, ಹೇಳಿದ್ದಳು.

ಊರಿನವರು ಆತನನ್ನು ‘ಒಂದೇ ಕಂಪನಿ’ ಎಂದೇ ಕರೆಯುತ್ತಿದ್ದರು. ಆತನ ಆಫೀಸಿನ ಎದುರು ಸಾಲಿನಲ್ಲಿ, ಬೀಗದ ಅಂಗಡಿಯ ಮೇಲಿನ ಕೋಣೆಯಲ್ಲಿ, ಇನ್ನೊಬ್ಬ ಏಜೆಂಟ್ ಇದ್ದ. ಅವನು ಯಾವ ಕಂಪನಿಯ ಆಳೂ ಅಲ್ಲ. ಎಂಟು ಕಂಪನಿಗಳ ಪಾಲಿಸಿಗಳನ್ನು ಮೇಜಿನ ಮೇಲೆ ಹರಡಿ, ನಿಮಗೆ ಯಾವುದು ಹೊಂದುತ್ತದೋ ನೋಡೋಣ ಎನ್ನುವವನು. ಅವನಿಗೆ ‘ಸಂತೆ’ ಎಂದು ಹೆಸರು ಬಿದ್ದಿತ್ತು. ಬೀದಿಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಿದ್ದರು. ಹೆಂಡತಿಯೂ ಗಂಡನ ಪರವಾಗಿ, ಸಂತೆಯನ್ನು ದೂರದಿಂದ ಕಂಡರೆ ಸಾಕು, ರಸ್ತೆ ದಾಟಿಬಿಡುತ್ತಿದ್ದಳು. ಇಪ್ಪತ್ತು ವರ್ಷ ಹೀಗೆ ಬೇಡದ ರಸ್ತೆ ದಾಟಿ ದಾಟಿ ಆಕೆಗೆ ಅದೇ ಅಭ್ಯಾಸವಾಗಿತ್ತು.

ನಾಲ್ಕನೇ ಸಲ ಗಂಟು ಒಂದು ಮಟ್ಟಕ್ಕೆ ಬಂತು. ಇಷ್ಟು ಸಾಕು ಎಂದು ಬಿಟ್ಟಳು.

ಹತ್ತು ಗಂಟೆಗೆ ಮುಂದಿನ ಕೋಣೆ ತುಂಬಿತು. ಬಂದವರಲ್ಲಿ ಮುಕ್ಕಾಲು ಪಾಲು ಆತನ ಗಿರಾಕಿಗಳು. ಬ್ರಾಂಚ್ ಮ್ಯಾನೇಜರ್ ನೀಲಿ ರಿಬ್ಬನ್ ಕಟ್ಟಿದ ಹೂಗುಚ್ಛ ತಂದಿಟ್ಟು, ಕಂಕುಳಲ್ಲಿ ಫೈಲು ಇಟ್ಟುಕೊಂಡು ಗೋಡೆ ಪಕ್ಕ ನಿಂತ. ಇನ್ನೂ ಮೂವತ್ತು ದಾಟಿರದ ಹುಡುಗ. ಸಾವಿನ ಮನೆಯಲ್ಲಿ ಮುಖ ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ.

ಹತ್ತೂ ಕಾಲಿಗೆ ಯಾರದೋ ಜೇಬಿನಲ್ಲಿ ಫೋನು ಟಿಣ್ ಎಂದಿತು. ಹಿಂದೆಯೇ ಇನ್ನೊಂದು. ಮತ್ತೆ ಮೂರು, ಆಮೇಲೆ ಎಣಿಸಲಾರದಷ್ಟು. ಜನ ನಾಚಿಕೊಂಡು ಜೇಬು, ಕೈಚೀಲ ತಡಕಾಡಿದರು. ಹೆಂಡತಿಯ ಫೋನೂ ಟಿಣ್ ಎಂದಿತು. ಆಕೆಗೂ ಗಂಡನೇ ಮಾಡಿಸಿದ ಒಂದು ಪಾಲಿಸಿ ಇತ್ತು. ಎಲ್ಲರಿಗೂ ಬಂದದ್ದು ಒಂದೇ ಸಂದೇಶ: “ಪ್ರಿಯ ಗ್ರಾಹಕರೇ, ನಿಮ್ಮ ಏಜೆಂಟರು ಬದಲಾಗಿದ್ದಾರೆ. ಹೊಸ ಏಜೆಂಟರ ಸಂಖ್ಯೆ ಕೆಳಗಿದೆ. ನಮ್ಮೊಂದಿಗೆ ಇರುವುದಕ್ಕೆ ಧನ್ಯವಾದಗಳು.”

ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಕನ್ನಡಕ ಏರಿಸಿ ಓದಿ, ಪೆಟ್ಟಿಗೆಯ ಕಡೆ ನೋಡಿದರು. “ಇನ್ನೂ ಮನೆ ಬಿಟ್ಟು ಹೊರಟಿಲ್ಲ ಪಾಪ. ಇಷ್ಟು ಬೇಗ ಸೀಟು ಖಾಲಿ ಮಾಡ್ಸಿಬಿಟ್ರಾ?”

ಮ್ಯಾನೇಜರನ ಕಿವಿ ಕೆಂಪಾಯಿತು. “ಅದು ಕಂಪ್ಯೂಟರ್ ತಾನಾಗೇ ಕಳ್ಸೋದು ಸಾರ್. ನಾಳೆಗೆ ಹಾಕಿ ಅಂತ ಹೇಳಿದ್ದೆ, ದಯವಿಟ್ಟು ತಪ್ಪು ತಿಳ್ಕೋಬೇಡಿ.”

“ಮೂವತ್ತೊಂದು ವರ್ಷ ನಮ್ಮ ಮನೆ ಮನೆ ಸುತ್ತಿದ್ದು ಅವರು.”

“ಹೌದು ಸಾರ್. ಆದ್ರೆ ಗಿರಾಕಿಗಳು ಕಂಪನೀವ್ರು. ಏಜೆಂಟ್ ಹೋದ್ರೆ ಇನ್ನೊಬ್ರ ಹೆಸರಿಗೆ ಹೋಗ್ಲೇಬೇಕು. ಎದುರುಗಡೆ ಅವರ ಹಾಗೆ ಸ್ವಂತ ಅಂಗಡಿ ಅಲ್ವಲ್ಲ ಇದು.”

ಅವನು ಹೇಳಿದ್ದು ನಿಜವೇ. ಹೆಂಡತಿ ತನ್ನ ಫೋನನ್ನು ಮಗುಚಿ ಇಟ್ಟಳು. ಊಟದ ಹೊತ್ತಿನಲ್ಲಿ, ಮಗಳ ಜ್ವರದಲ್ಲಿ, ಭಾನುವಾರಗಳಲ್ಲಿ ಆತ ‘ನನ್ನ ಜನ’ ಎಂದು ಎದ್ದು ಹೋಗುತ್ತಿದ್ದದ್ದು ಇವರಿಗಾಗಿ. ಆ ಜನ ಒಂದು ಟಿಣ್ ಶಬ್ದದಲ್ಲಿ ಬೇರೆಯವರ ಜನ ಆಗಿಬಿಟ್ಟಿದ್ದರು.

“ನಂಗೆ ಬರ್ಲಿಲ್ಲ ಸಾರ್,” ಎಂದ ಕಿಟಕಿಯ ಬಳಿ ನಿಂತಿದ್ದ ಒಬ್ಬ. ದೊಡ್ಡ ಕಟ್ಟಡಗಳಿಗೆ ಹಗ್ಗದಲ್ಲಿ ಇಳಿಬಿದ್ದು ಬಣ್ಣ ಬಳಿಯುವ ಪೇಂಟರ್. ಉಗುರುಸಂದಿಯ ಬಿಳಿ ಬಣ್ಣ ಸಾವಿನ ಮನೆಗೆ ತೊಳೆದು ಬಂದರೂ ಹೋಗಿರಲಿಲ್ಲ.

“ನಿಮ್ಮದು ಇವರ ಹತ್ರ ಮಾಡ್ಸಿದ್ದಲ್ವಾ?” ಎಂದು ಮ್ಯಾನೇಜರ್ ಕೇಳಿದ.

“ಇಲ್ಲ, ನಂದು ಸಂತೆ ಸಾರ್ ಹತ್ರ. ಇವರೇ ಅಲ್ಲಿಗೆ ಕರ್ಕೊಂಡು...”

ಪಕ್ಕದಲ್ಲಿದ್ದ ಟೈಲರ್ ಹೆಂಗಸು ಅವನ ಕಾಲು ತುಳಿದಳು. ಪೇಂಟರ್ ಬಾಯಿ ಮುಚ್ಚಿದ. ಮ್ಯಾನೇಜರ್ ಕಂಕುಳ ಫೈಲನ್ನು ಕೈಗೆ ತೆಗೆದುಕೊಂಡ.

“ಇವರೇ ಕರ್ಕೊಂಡು ಹೋದ್ರಾ? ಇವರು ನಿಮಗೆ ಏನಾಗ್ಬೇಕು?”

“ಮಾಮ ಸಾರ್. ನಾನು ಇವರ ಸೋದರಳಿಯ.”

“ನೀವಮ್ಮ?”

“ತಂಗಿ,” ಎಂದಳು ಟೈಲರ್.

“ನಾನೂ ಸೋದರಳಿಯಾನೇ,” ಎಂದು ಹಿಂದಿನಿಂದ ಇನ್ನೊಂದು ದನಿ ಬಂತು. ಕೇಳದೆ ಇದ್ದರೂ ಮತ್ತೊಬ್ಬ ತಾನು ಚಿಕ್ಕಪ್ಪನ ಮಗ ಎಂದ.

ಹೆಂಡತಿ ಟೈಲರ್ ಕಡೆ ತಿರುಗಿ ನೋಡಿದಳು. ಆಕೆಯ ಗಂಡ ಒಬ್ಬನೇ ಮಗ. ಅಕ್ಕನಿಲ್ಲ, ತಂಗಿಯಿಲ್ಲ, ಆತನ ಅಪ್ಪನಿಗೂ ತಮ್ಮಂದಿರಿರಲಿಲ್ಲ. ಈ ಟೈಲರ್ ಹೆಂಗಸನ್ನು ಆಕೆ ಜನ್ಮದಲ್ಲಿ ನೋಡಿರಲಿಲ್ಲ. ಯೋಚಿಸಬಾರದ್ದೊಂದು ತಲೆಯಲ್ಲಿ ಹಾದುಹೋಯಿತು. ಚಹಾ ತರುವ ನೆಪದಲ್ಲಿ ಆಕೆ ಅಡುಗೆಮನೆಗೆ ಹೋದಳು.

ಅಲ್ಲಿ ಹಿತ್ತಲ ಬಾಗಿಲಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು, ಸಂತೆ ನಿಂತಿದ್ದ. ಅತ್ತು ಅತ್ತು ಮುಖ ಬಾತುಕೊಂಡಿತ್ತು.

“ಮುಂದಿನಿಂದ ಬಂದ್ರೆ ಆ ಮ್ಯಾನೇಜರ್ ಹುಡುಗ ನೋಡ್ತಾನಮ್ಮ. ನಿಮಗೆ ತೊಂದ್ರೆ ಆಗುತ್ತೆ. ಒಂದು ಸಲ ದೂರದಿಂದ ಮುಖ ನೋಡ್ಕೊಂಡು ಹೋಗ್ತೀನಿ,” ಎಂದ.

“ನೀವ್ಯಾಕೆ ಅಳ್ತಿದೀರಿ?” ಎಂದು ಆಕೆ ಕೇಳಿದಳು. ನಿಜಕ್ಕೂ ಅರ್ಥವಾಗದೆ ಕೇಳಿದ್ದಳು. “ಅಲ್ಲಿ ಕೂತಿರೋರೆಲ್ಲ ಯಾರು? ಅವರಿಗೆ ತಂಗಿ ಎಲ್ಲಿಂದ ಬಂದ್ಳು?”

ಸಂತೆ ಚಪ್ಪಲಿ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತ. ಮೂಗು ಒರೆಸಿಕೊಂಡು, ಮೊದಲ ಸೋದರಳಿಯನ ಕತೆ ಹೇಳಿದ.

*

ಹತ್ತೊಂಬತ್ತು ವರ್ಷದ ಹಿಂದೆ ಒಂದು ಸಂಜೆ, ಐದೂವರೆಗೆ, ಒಂದೇ ಕಂಪನಿ ತನ್ನ ಆಫೀಸಿಗೆ ಬೀಗ ಹಾಕಿದ. ಕತ್ತಿನ ನೀಲಿ ಟೈ ಎಳೆದು ಬಿಚ್ಚಿ ಪ್ಯಾಂಟಿನ ಬಲಜೇಬಿಗೆ ತುರುಕಿದ. ರಸ್ತೆ ದಾಟಿ, ಬೀಗದ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದ. ಹಿಂದೆ ಒಬ್ಬ ಹುಡುಗ ಪೇಂಟರ್ ಇದ್ದ. ಆ ಹುಡುಗನ ಮನೆಯಲ್ಲಿ ಹೆಂಡತಿ, ಮೂರು ತಿಂಗಳ ಕೂಸು. ಅವನ ಅರ್ಜಿಯನ್ನು ಕಂಪನಿ ಮೂರು ಸಲ ‘ಅಪಾಯದ ಕೆಲಸ’ ಎಂದು ಷರಾ ಬರೆದು ವಾಪಸ್ ಕಳಿಸಿತ್ತು.

“ನಿನ್ನ ಎಂಟರಲ್ಲಿ ಯಾವನಾದ್ರೂ ಹಗ್ಗದ ಮೇಲೆ ನೇತಾಡೋರನ್ನ ತಗೊಳ್ತಾನಾ?”

“ಒಬ್ಬ ತಗೊಳ್ತಾನೆ. ಅಲ್ಲಯ್ಯ, ನೀನು ಗಿರಾಕೀನ ಇಲ್ಲಿಗೆ ಕರ್ಕೊಂಡು ಬರೋ ಹಾಗಿಲ್ಲವಲ್ಲ?” ಎಂದ ಸಂತೆ.

“ಗಿರಾಕಿ ಅಲ್ಲ. ನನ್ನ ಸೋದರಳಿಯ. ಸಂಬಂಧಿಕರನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಬಹುದು ಅಂತ ಹದಿನಾಲ್ಕನೇ ಕಲಮಲ್ಲಿ ಬರೆದಿದೆ.”

“ನಿಂಗೆ ಅಕ್ಕ ತಂಗಿ ಯಾರೂ ಇಲ್ವಲ್ಲೋ.”

“ಇವತ್ತಿಂದ ಇದಾಳೆ.”

ಪೇಂಟರ್ ಒಳಗೆ ಸಹಿ ಹಾಕುವತನಕ ಆತ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಒಂದೇ ಕಂಪನಿಯ ನಿಯತ್ತಿನ ಮನುಷ್ಯ. ಬೇರೆ ಕಂಪನಿಯ ಫಾರ್ಮನ್ನು ಕಣ್ಣಿನಿಂದಲೂ ನೋಡುತ್ತಿರಲಿಲ್ಲ. ಹೊರಡುವಾಗ ಜೇಬಿನಿಂದ ಟೈಯ ತುದಿ ಇಣುಕುತ್ತಿತ್ತು. ಸಂತೆ ಅದನ್ನು ಬೆರಳಲ್ಲಿ ಒಳಗೆ ತಳ್ಳಿದ. “ಬಾಲ ಮುಚ್ಕೋ. ನಿಮ್ಮ ಮ್ಯಾನೇಜರ್ ಕಂಡರೆ ಕತ್ತರಿಸಿ ಹಾಕ್ತಾನೆ.”

ಆಮೇಲೆ ವರ್ಷಕ್ಕೆ ಒಬ್ಬರಂತೆ ಬಂದರು. ಮೂರ್ಛೆ ಬೀಳುವ ಟೈಲರ್ ತಂಗಿಯಾದಳು. ಒಂದೇ ಮೂತ್ರಪಿಂಡವಿದ್ದ ಲಾರಿ ಡ್ರೈವರ್ ಚಿಕ್ಕಪ್ಪನ ಮಗನಾದ. ಪ್ರತಿ ಸಲವೂ ಐದೂವರೆ, ಪ್ರತಿ ಸಲವೂ ಜೇಬಿನಲ್ಲಿ ಟೈ, ಪ್ರತಿ ಸಲವೂ ಬೆಂಚು. ಈ ವ್ಯವಹಾರದಲ್ಲಿ ಆತನಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ.

“ಇಲ್ಲಿಗೇ ಬಂದ್ಬಿಡೋ. ಬೋರ್ಡಲ್ಲಿ ಇಬ್ರ ಹೆಸರೂ ಹಾಕೋಣ. ಈ ಕಳ್ಳಾಟ ತಪ್ಪುತ್ತೆ,” ಎಂದು ಸಂತೆ ಒಮ್ಮೆ ಕರೆದಿದ್ದ.

“ನಿಂಗೆ ಎಂಟು ಮನೆ ಹೊರಗಿನಿಂದ ಗೊತ್ತು,” ಎಂದಿದ್ದ ಆತ. “ನಂಗೆ ಒಂದೇ ಮನೆ, ಆದ್ರೆ ಅಡುಗೆಮನೆ ಡಬ್ಬಿ ಸಮೇತ ಗೊತ್ತು. ಯಾರಾದ್ರೂ ಸತ್ತ ಮಾರನೇ ದಿನ ಯಾವ ಗುಮಾಸ್ತನ ಮೇಜಿನ ಮುಂದೆ ಹೋಗಿ ಕೂತ್ರೆ ಫೈಲು ಏಳುತ್ತೆ ಅಂತ ಗೊತ್ತು. ನನ್ನ ಜನಕ್ಕೆ ಅದು ಬೇಕು. ಉಳಿದೋರಿಗೆ ನೀನಿದೀಯಲ್ಲ.”

ಸಂತೆ ತಲೆಯಾಡಿಸಿದ. ಆತ ಹೇಳಿದ್ದರಲ್ಲಿ ಸತ್ಯವಿತ್ತು.

“ಸರಿ, ಎಲ್ರೂ ನಿನ್ನ ಸಂಬಂಧಿಕರಾದ್ರು. ನಾನೇನಾಗ್ಬೇಕೋ ನಿಂಗೆ?”

“ನೀನು ಶತ್ರು ಕಣೋ. ಬೀದೀಲಿ ಸಿಕ್ರೆ ಮುಖ ತಿರುಗ್ಸೋದು ಮರೀಬೇಡ.”

*

ಹೆಂಡತಿ ಒಲೆಯ ಪಕ್ಕ ನಿಂತು ಕೇಳಿದಳು. ಸಂಜೆ ಮನೆಗೆ ಬರುವಾಗ ಕೆಲವು ದಿನ ಟೈ ಮುದ್ದೆಯಾಗಿರುತ್ತಿತ್ತು. ಬಸ್ಸಿನಲ್ಲಿ ನೂಕುನುಗ್ಗಲು ಎನ್ನುತ್ತಿದ್ದ. ಎಂಥ ನೂಕುನುಗ್ಗಲೋ ಎಂದು ಗೊಣಗುತ್ತ ಆಕೆ ಅದಕ್ಕೆ ಇಸ್ತ್ರಿ ಹಾಕುತ್ತಿದ್ದಳು. ನನಗೂ ಹೇಳಲಿಲ್ಲವಲ್ಲ ಎಂದು ಸಿಟ್ಟು ಬಂತು. ಹೇಳಿದ್ದರೆ, ನಮ್ಮ ಕಾಗದದ ಗತಿ ಏನು ಎಂದು ತಾನೇ ಅಡ್ಡ ನಿಲ್ಲುತ್ತಿದ್ದೆ ಎನ್ನುವುದೂ ಆಕೆಗೆ ಗೊತ್ತಿತ್ತು. ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ.

“ಅಮ್ಮಾ,” ಎಂದು ಮಗಳು ಬಾಗಿಲಲ್ಲಿ ಇಣುಕಿದಳು. “ಮ್ಯಾನೇಜರ್ ಕರೀತಿದಾರೆ. ಕಾಗದ ಕೈಯಲ್ಲಿದೆ. ಸಹಿ ಮಾಡಿಲ್ಲ.”

ಆಕೆ ಮುಂದಿನ ಕೋಣೆಗೆ ಬಂದಳು. ಪೆಟ್ಟಿಗೆ ಎತ್ತಲು ಹೆಗಲು ಹುಡುಕುತ್ತಿದ್ದರು. ಸಂದೇಶ ಬಂದವರಲ್ಲಿ ಅರ್ಧದಷ್ಟು ಜನ ಕೈಗಡಿಯಾರ ನೋಡಿಕೊಂಡು ಆಗಲೇ ಹೊರಟಿದ್ದರು. ಸಂದೇಶ ಬರದವರು ಒಬ್ಬರೂ ಹೋಗಿರಲಿಲ್ಲ.

ಮ್ಯಾನೇಜರ್ ದನಿ ತಗ್ಗಿಸಿ ಕೇಳಿದ. “ಈ ಹೊತ್ತಲ್ಲಿ ಕೇಳಬಾರದು ಮೇಡಂ. ಆದ್ರೆ ಸಹಿ ಮಾಡೋನು ನಾನು. ಸಾರ್ ನಮ್ಮಲ್ಲಿ ಸೇರುವಾಗ ತುಂಬಿದ ಫಾರ್ಮಲ್ಲಿ ಒಬ್ಬನೇ ಮಗ ಅಂತಿದೆ. ಇಲ್ಲಿ ನೋಡಿದ್ರೆ ಇಷ್ಟೊಂದು ಜನ ಸೋದರಳಿಯಂದಿರು. ಇವರೆಲ್ಲ ಎದುರುಗಡೆ ಏಜೆಂಟ್ ಹತ್ರ ಪಾಲಿಸಿ ಮಾಡ್ಸಿದೋರು. ಇವರು ನಿಜವಾಗ್ಲೂ ನಿಮ್ಮ ಸಂಬಂಧಿಕರಾ?”

ಪೇಂಟರ್ ತಲೆ ತಗ್ಗಿಸಿ ನಿಂತಿದ್ದ. ತನ್ನ ಬಾಯಿಂದಲೇ ಎಲ್ಲ ಹಾಳಾಯಿತೆಂದು ಅವನ ಕಣ್ಣು ತುಂಬಿತ್ತು. ಈ ಮನುಷ್ಯ ಇಷ್ಟು ವರ್ಷವೂ ಹಗ್ಗದಿಂದ ಬೀಳಲಿಲ್ಲ, ಅವನ ಕೂಸು ಈಗ ಕಾಲೇಜಿಗೆ ಹೋಗುತ್ತಿರಬೇಕು ಎಂದು ಹೆಂಡತಿಗೆ ಯಾಕೋ ಅನ್ನಿಸಿತು.

“ಫಾರ್ಮ್ ತುಂಬಿದ್ದು ಮೂವತ್ತೊಂದು ವರ್ಷದ ಹಿಂದೆ ಸಾರ್,” ಎಂದಳು ಆಕೆ. “ಆಮೇಲೆ ಸಂಸಾರ ಬೆಳೀತು.”

ನಂತರ ಪೇಂಟರ್ ಕಡೆ ತಿರುಗಿದಳು. “ಅಳಿಯಾ, ಅಳ್ತಾ ನಿಂತ್ರೆ ಹೇಗೆ? ನಿಮ್ಮ ಮಾಮನ್ನ ಎತ್ತೋರು ಯಾರು? ಬಾ ಈ ಕಡೆ.”

“ಬಂದೆ ಅತ್ತೆ,” ಎಂದ ಪೇಂಟರ್. ಟೈಲರ್ ಹೆಂಗಸು ‘ಅತ್ತಿಗೆ’ ಎನ್ನುತ್ತ ಬಂದು ಆಕೆಯ ತೋಳು ಹಿಡಿದಳು.

ಮ್ಯಾನೇಜರ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಒಬ್ಬರ ಮೂಗಿಗೂ ಇನ್ನೊಬ್ಬರ ಮೂಗಿಗೂ ಹೋಲಿಕೆ ಇರಲಿಲ್ಲ. ಮ್ಯಾನೇಜರ್ ಆಗುವ ಮೊದಲು ಅವನೂ ಎರಡು ವರ್ಷ ಏಜೆಂಟನಾಗಿ ಬೀದಿ ಸುತ್ತಿದ್ದ. ಕಂಪನಿ ಒಪ್ಪದ ಎಷ್ಟೋ ಜನರನ್ನು ಬಾಗಿಲಿಂದಲೇ ವಾಪಸ್ ಕಳಿಸಿದ್ದ. ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಮಾಡಿದ. ತಾರೀಖು ಬರೆದು ಮಗಳ ಕೈಗೆ ಕೊಟ್ಟ.

“ಎಲ್ರೂ ಸಂಬಂಧಿಕರು ಅಂತ ಬರೆದಿದೀನಿ,” ಎಂದ, ಯಾರ ಮುಖವನ್ನೂ ನೋಡದೆ.

ಇನ್ನು ಮುಚ್ಚಳ ಹಾಕುವುದೊಂದೇ ಬಾಕಿ. “ಒಂದ್ನಿಮಿಷ,” ಎಂದಳು ಹೆಂಡತಿ. ಅಡುಗೆಮನೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. “ಅಣ್ಣಾ, ಅಲ್ಲೇನು ಮಾಡ್ತಿದೀರಿ? ಮುಂದೆ ಬನ್ನಿ. ಮೊದಲ ಹೆಗಲು ನಿಮ್ಮದು.”

ಸಂತೆ ಬಂದ. ಮ್ಯಾನೇಜರ್ ಗುರುತು ಹಿಡಿದ, ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಹೆಂಡತಿ ಪೆಟ್ಟಿಗೆಯ ಮೇಲೆ ಬಗ್ಗಿದಳು. ಬೆಳಿಗ್ಗೆಯೆಲ್ಲ ಒದ್ದಾಡಿ ಕಟ್ಟಿದ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಟೈಯನ್ನು ಮಡಿಸಿ ಗಂಡನ ಪ್ಯಾಂಟಿನ ಬಲಜೇಬಿಗೆ ತುರುಕಿದಳು. ಒಂದು ನೀಲಿ ತುದಿ ಹೊರಗೇ ಉಳಿಯಿತು. ಸಂತೆ ಬೆರಳು ಚಾಚಿ ಅದನ್ನು ಒಳಗೆ ತಳ್ಳಿದ.